ಬಡವನ ವಂಶಾವಳಿ

ವಂಶಾವಳಿಯೆಂದೊಡನೆ ನಮ್ಮ ಮನಸ್ಸು ಅರಮನೆಯ ಕಡೆಗೆ ಹೊರಳುತ್ತದೆ. ಚಂದ್ರನಿಂದಲೋ ಯದುವಿನಿಂದಲೋ ಇಳಿದುಬರುವ ಅರಸರ ಸಾಲು ಶಾಸನಗಳಲ್ಲಿ ನಮಗೆ ಪರಿಚಿತವೇ. ಊರಿನ ಒಕ್ಕಲಿಗನ ಮುತ್ತಜ್ಜನಾರೆಂಬುದನ್ನು ಶಾಸನ ಹೇಳದು. ಎತ್ತಿನೊಡನೆ ಬಾಗಿಲಿಗೆ ಬಂದ ಹೆಳವನು ಹೇಳಿದರೆ ಉಂಟು. ಹೆಳವರಿಲ್ಲದ ಇಂಗ್ಲೆಂಡಿನಲ್ಲಿ ವಂಶಶೋಧನೆಯು ಬಹುಕಾಲ ಬಿರುದು ಲಾಂಛನಗಳುಳ್ಳವರ ವಿನೋದವಾಗಿತ್ತು. 1911ರಲ್ಲಿ ಲಂಡನ್ನಿನಲ್ಲಿ ವಂಶಶೋಧಕರ ಸಂಘವೊಂದು ಸ್ಥಾಪಿತವಾದರೂ, ಈ ಹವ್ಯಾಸ ಜಿಲ್ಲೆ ಜಿಲ್ಲೆಗೆ ಇಳಿದುಬಂದದ್ದು ಮುಂದೆ 1960, 70ರ ದಶಕಗಳಲ್ಲಿ. ಬರ್ಮಿಂಗ್‌ಹ್ಯಾಮ್ ಸೀಮೆಯವರು 1963ರಲ್ಲಿ ಸಂಘ ಕಟ್ಟಿದರು. 1974ರಲ್ಲಿ ಇಂಥ ಸಂಘಗಳ ಒಕ್ಕೂಟವೇ ಏರ್ಪಟ್ಟಿತು.

ಇವರು ವಿದ್ವಾಂಸರಲ್ಲ. ನಿವೃತ್ತ ಉಪಾಧ್ಯಾಯರು, ಗುಮಾಸ್ತರು, ಗೃಹಿಣಿಯರು. ತಿಂಗಳಿಗೊಮ್ಮೆ ಸೇರಿ ಉಪನ್ಯಾಸ ಕೇಳಿ, ಚಹ ಕುಡಿದು ಚದುರುವ ಮಂದಿ. ಇಷ್ಟೇ ಆಗಿದ್ದರೆ ಅದನ್ನು ಬರೆಯುವ ಅಗತ್ಯವಿರಲಿಲ್ಲ. ಆದರೆ ಇದೇ ಮಂದಿ ಬೇಸಗೆಯಲ್ಲಿ ಚರ್ಚಿನ ಅಂಗಳದ ಸಮಾಧಿಗಳ ನಡುವೆ ಮೊಣಕಾಲೂರಿ, ಪಾಚಿ ಹಿಡಿದ ಕಲ್ಲುಗಳ ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳುತ್ತಾರೆ. ಮಳೆ ಹಿಮಗಳಿಗೆ ಅಲ್ಲಿಯ ಮರಳುಗಲ್ಲು ಪದರು ಪದರಾಗಿ ಉದುರಿಹೋಗುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಓದಲು ಸಿಕ್ಕುವ ಕಲ್ಲುಗಳುಂಟು. ನಮ್ಮ ಶಾಸನಶೋಧಕರಿಗೆ ಈ ಪಾಡು ಹೊಸದಲ್ಲ. ಭಾರತದಲ್ಲಿ ಮಡಿದ ಬ್ರಿಟಿಷ್ ಮನೆತನಗಳವರನ್ನು ಹುಡುಕಲು 1998ರಲ್ಲಿ ಬೇರೊಂದು ಸಂಘವೇ ಹುಟ್ಟಿತು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಪ್ರದೇಶದ ಹೆಸರು ಅಂಥವರ ಹುಡುಕಾಟದಲ್ಲಿ ಬಾರದೆ ಇರಲಾರದು.

ಕಲ್ಲಿನ ತರುವಾಯ ಕಾಗದ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ, ಪ್ಯಾರಿಷ್ ಎಂಬ ಪ್ರತಿಯೊಂದು ಚರ್ಚಿನ ವಲಯದಲ್ಲಿಯೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕಾಯಿತು. ಆ ಪುಸ್ತಕಗಳಿಗೆ ಅಕಾರಾದಿ ಸಿದ್ಧಪಡಿಸುವುದು ಸಂಘಗಳ ನಿತ್ಯದ ಕೆಲಸ. 1881ರ ಖಾನೇಷುಮಾರಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 2 ಕೋಟಿ 60 ಲಕ್ಷ ಜನರ ಹೆಸರುಗಳಿವೆ; ಅವನ್ನು ನಕಲು ಮಾಡಿದವರೂ ಬಹುಪಾಲು ಇಂಥ ಸ್ವಯಂಸೇವಕರೇ.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಬಗೆಯ ಕಾಗದ. 1662ರ ಕಾನೂನಿನ ಪ್ರಕಾರ, ಪರಊರಿಗೆ ಬಂದ ಬಡವನು ಅಲ್ಲಿಯವರಿಗೆ ಹೊರೆಯಾಗುವನೆಂದು ಕಂಡರೆ ಅವನನ್ನು ಸ್ವಂತ ಪ್ಯಾರಿಷ್‌ಗೆ ಹಿಂದಟ್ಟಬಹುದಾಗಿತ್ತು. ಅವನ ಊರು ಯಾವುದೆಂದು ತೀರ್ಮಾನಿಸಲು ನ್ಯಾಯಾಧಿಕಾರಿಗಳು ಅವನನ್ನು ವಿಚಾರಿಸುತ್ತಿದ್ದರು: ಎಲ್ಲಿ ಹುಟ್ಟಿದೆ? ಯಾರ ಮನೆಯಲ್ಲಿ ಚಾಕರಿ ಮಾಡಿದೆ? ಪೂರ್ತಿ ಒಂದು ವರ್ಷ ನಿಂತೆಯೋ? ಸಂಬಳವೆಷ್ಟು? ಮಕ್ಕಳೆಷ್ಟು? ಉತ್ತರಗಳನ್ನೆಲ್ಲ ಬರೆದುಕೊಂಡ ಮೇಲೆ, ಅಕ್ಷರ ಬಾರದ ಆತ ಕೆಳಗೆ ಒಂದು ಗೀಟು ಹಾಕುತ್ತಿದ್ದ. ಮದುವೆಯಿಲ್ಲದೆ ಬಸುರಾದವಳಿಂದ ತಂದೆಯ ಹೆಸರು ಹೇಳಿಸಿ, ಅವನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. ಇದಾವುದೂ ದಯೆಯಿಂದ ಬರೆದದ್ದಲ್ಲ. ಖರ್ಚು ತಪ್ಪಿಸಿಕೊಳ್ಳಲು ಬರೆದದ್ದು. ಆದರೂ ವಿಚಿತ್ರ ನೋಡಿ: ಯಾರ ಹಂಗಿಗೂ ಬೀಳದೆ ದುಡಿದುಂಡವನು ಹುಟ್ಟು, ಮದುವೆ, ಸಾವು ಎಂಬ ಮೂರು ಸಾಲುಗಳಲ್ಲಿ ಮುಗಿದುಹೋಗುತ್ತಾನೆ, ಊರಿಗೆ ಭಾರವಾದವನು ಮಾತ್ರ ತನ್ನ ಬಾಳನ್ನು ತಾನೇ ಹೇಳುತ್ತಾನೆ.

ಆ ಮಾತನ್ನು ಕೇಳಿಸಿಕೊಳ್ಳಲು ಮೊಮ್ಮಕ್ಕಳಿಗೆ ಎದೆಗಟ್ಟಿತನ ಬೇಕು. ಜಮೀನುದಾರನೊಬ್ಬನನ್ನು ಹುಡುಕಿ ಹೊರಟವರಿಗೆ ವರ್ಕ್‌ಹೌಸ್ ಎಂಬ ಬಡವರ ದುಡಿತದ ಮನೆಯ ದಫ್ತರದಲ್ಲಿ ಮುತ್ತಜ್ಜಿ ಸಿಕ್ಕುತ್ತಾಳೆ. ಹಿಂದಿನ ತಲೆಮಾರಿನವರು ಅದನ್ನು ಮುಚ್ಚಿಡುತ್ತಿದ್ದರು. ಇಂದಿನವರು ಸಂಘದ ಪತ್ರಿಕೆಯಲ್ಲಿ ಅಚ್ಚುಹಾಕಿಸುತ್ತಾರೆ. ಅದರಲ್ಲಿ ತುಸು ಜಂಬವೂ ಸೇರಿಕೊಂಡಿರಬಹುದು; ಮುಚ್ಚಿಡುವುದಕ್ಕಿಂತ ಮೇಲೆಂದೇ ನನ್ನ ಎಣಿಕೆ.

ಹತ್ತಿರದ ಕಾಲಕ್ಕೆ ಬಂದಷ್ಟೂ ಹಾದಿ ಕಿರಿದಾಗುವುದು ಇನ್ನೊಂದು ಸೋಜಿಗ. ಖಾನೇಷುಮಾರಿಯ ಹಾಳೆಗಳನ್ನು ನೂರು ವರ್ಷ ತೆರೆಯುವುದಿಲ್ಲ. 1921ರದು 2022ರಲ್ಲಿ ಹೊರಬಂದಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧದ ಕಾರಣ ಎಣಿಕೆಯೇ ನಡೆಯಲಿಲ್ಲ. ನಡುವೆ ಉಳಿದಿರುವುದು 1939ರ ಸೆಪ್ಟೆಂಬರಿನಲ್ಲಿ ಯುದ್ಧಕ್ಕಾಗಿ ಮಾಡಿದ ಮನೆಮನೆಯ ಪಟ್ಟಿ. ಅದರಲ್ಲಿಯೂ ಇನ್ನೂ ಬದುಕಿರಬಹುದಾದವರ ಸಾಲುಗಳನ್ನು ಕಪ್ಪಾಗಿ ಮುಚ್ಚಿದ್ದಾರೆ. ಶೋಧಕನು ಆ ಕಪ್ಪು ಗೆರೆಯ ಕೆಳಗೆ ಯಾರಿರಬಹುದೆಂದು ತಲೆಕೆಡಿಸಿಕೊಂಡು ಕೂತಿರುವಾಗ, ಅಲ್ಲಿ ಕೂಸಾಗಿದ್ದ ಅವನ ಸೋದರತ್ತೆ ಬೀದಿಯ ಇನ್ನೊಂದು ಕೊನೆಯಲ್ಲಿ, ತನ್ನನ್ನು ಯಾರೂ ಏನೂ ಕೇಳಲು ಬಾರರೇಕೆಂದು ಕಾದಿರುವುದೂ ಉಂಟು.