ಪರಂಪರೆ, ನಿತ್ಯಜೀವನ ಮತ್ತು ಛಾಯಾಚಿತ್ರದ ಓದು

ಕುಂಭಮೇಳದ ಸಾಧುವೊಬ್ಬರು ಮೊಬೈಲಿನಲ್ಲಿ ಮಾತನಾಡುತ್ತಿರುವ ಚಿತ್ರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ‘ಹಳತು-ಹೊಸತರ ಸಂಗಮ’ ಎಂಬಂಥ ಅಡಿಬರಹ ಅದಕ್ಕೆ ಸಿದ್ಧವಾಗಿಯೇ ಇರುತ್ತದೆ. ಆದರೆ ತನ್ನ ಜಟೆಗೂ ಕೈಯಲ್ಲಿರುವ ಉಪಕರಣಕ್ಕೂ ವಿರೋಧವಿದೆಯೆಂದು ಆ ಸಾಧುವಿಗೆ ಅನ್ನಿಸಿರಲಾರದು. ಆದುದರಿಂದ ದಾಖಲೆ ಛಾಯಾಗ್ರಹಣವನ್ನು ಅರ್ಥೈಸುವಾಗ, ನಾವು ಕಾಣುವ ವೈದೃಶ್ಯ ಚಿತ್ರದೊಳಗಿನದೋ ನಮ್ಮ ನಿರೀಕ್ಷೆಯೊಳಗಿನದೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಈ ನಿರೀಕ್ಷೆಗೆ ಒಂದು ಚರಿತ್ರೆಯಿದೆ. 1857ರ ಬಂಡಾಯದ ತರುವಾಯ ಆಳುವವರಿಗೆ ಪ್ರಜೆಗಳನ್ನು ಗುರುತಿಸಿ ವಿಂಗಡಿಸಬೇಕಾಗಿತ್ತು. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಾಗಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಭಾರತೀಯರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿತು. ಅಲ್ಲಿ ವ್ಯಕ್ತಿಗಿಂತ ವರ್ಗದ ಹೆಸರು ಮುಖ್ಯ. ಉಡುಗೆ, ಒಡವೆ, ಆಯುಧಗಳು ಆ ವರ್ಗದ ಚಿಹ್ನೆಗಳು. ಪರಂಪರೆಯೆಂಬುದು ದುಡಿಮೆ, ಸಂತೆ, ಸಾಲಗಳಿಂದ ಹೊರಗೆ ನಿಂತ ಸ್ಥಿರವಸ್ತು ಎಂಬ ಭಾವನೆಗೆ ಇಂಥ ಸಂಪುಟಗಳ ಕೊಡುಗೆ ದೊಡ್ಡದು.

ಇವುಗಳ ಎದುರಿಗೆ ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ (1942–1999) ಅವರ ಚಿತ್ರಗಳನ್ನು ಇಟ್ಟು ನೋಡಬಹುದು. ಕಪ್ಪು-ಬಿಳುಪೇ ಗಂಭೀರ ಮಾಧ್ಯಮವೆಂಬ ನಂಬಿಕೆಯಿದ್ದ ಕಾಲದಲ್ಲಿ ಅವರು ಬಣ್ಣವನ್ನು ಆರಿಸಿಕೊಂಡರು. ಭಾರತೀಯ ದೃಷ್ಟಿಗೆ ಬಣ್ಣವೇ ಸಹಜವೆಂಬುದು ಅವರ ವಾದ. (ಇದನ್ನು ನಾನು ಪೂರ್ತಿ ಒಪ್ಪಲಾರೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ನಮ್ಮ ಸಾಮಾನ್ಯರ ಬದುಕು ಎಷ್ಟು ಆಪ್ತವಾಗಿ ಮೂಡಿದೆ!) ಮುಂಬಯಿಯ ಝವೇರಿ ಬಜಾರಿನಲ್ಲಿ ಅವರು ತೆಗೆದ ಚಿತ್ರವೊಂದರಲ್ಲಿ ಆಭರಣದಂಗಡಿಯ ಒಳಗೂ ಹೊರಗಿನ ಬೀದಿಯೂ ಒಂದೇ ಚೌಕಟ್ಟಿನಲ್ಲಿವೆ. ಹಳೆಯ ಸಂಪುಟಗಳಲ್ಲಿ ಕುಲದ ಚಿಹ್ನೆಯಾಗಿದ್ದ ಒಡವೆ ಇಲ್ಲಿ ಕೊಳ್ಳುವ, ಮಾರುವ ಸರಕು. 1991ರ ಇನ್ನೊಂದು ಚಿತ್ರ ಹೌರಾದ ಪಾದಚಾರಿ ಮಾರ್ಗದ ಕನ್ನಡಿ ಅಂಗಡಿಯದು. ಬೀದಿ ಕನ್ನಡಿಗಳಲ್ಲಿ ತುಂಡುತುಂಡಾಗಿ ಕಾಣುತ್ತದೆ, ಮುನ್ನೆಲೆ ಯಾವುದು ಹಿನ್ನೆಲೆ ಯಾವುದು ಎಂದು ಕಣ್ಣು ತಡವರಿಸುತ್ತದೆ.

ಅವರ ಮರಣಾನಂತರ 2002ರಲ್ಲಿ ಬಂದ ‘ಎ ವೇ ಇಂಟು ಇಂಡಿಯಾ’ದಲ್ಲಿ ಅಂಬಾಸಿಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳೇ ಚೌಕಟ್ಟುಗಳಾಗಿವೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಈ ಕಾರು ಒಂದು ಕಾಲಕ್ಕೆ ಆಧುನಿಕತೆಯ ಕುರುಹಾಗಿತ್ತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಇಂದಿನ ವಿದ್ಯಾರ್ಥಿಗೆ ಆ ಚಿತ್ರಗಳಲ್ಲಿ ಕಾರೇ ಹಳೆಯ ಕಾಲದ ವಸ್ತುವಾಗಿ ಕಾಣುತ್ತದೆ.

ಹೊರನಾಡ ಕನ್ನಡಿಗರಾದ ನಮಗೆ ಇದು ದೂರದ ಚರ್ಚೆಯಲ್ಲ. ಮುಂಬಯಿಯ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿದರೆ ಯಕ್ಷಗಾನದ ವೇಷಗಳು, ದೀಪ ಬೆಳಗುವ ಅತಿಥಿಗಳು, ಶಾಲು ಹೊದೆಸಿಕೊಂಡ ಸನ್ಮಾನಿತರು ಹೇರಳವಾಗಿ ಸಿಗುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರ ಚಿತ್ರಗಳು ಅಪರೂಪ. ಆ ಎಂಟು ಸಂಪುಟಗಳ ಕೆಲಸವನ್ನು ನಮ್ಮ ಮೇಲೆ ನಾವೇ ಮುಂದುವರಿಸಿದಂತಾಗಿದೆ. ನಾಳಿನ ಸಂಶೋಧಕ ಈ ಸಂಚಿಕೆಗಳನ್ನೇ ಆಕರವಾಗಿ ಹಿಡಿದರೆ ಇಲ್ಲಿಯ ಕನ್ನಡಿಗರು ಹೇಗೆ ಕುಣಿದರೆಂಬುದು ತಿಳಿದೀತು, ಹೇಗೆ ಬಾಳಿದರೆಂಬುದು ತಿಳಿಯದು.

ಅಂಥದೊಂದು ಸಂಚಿಕೆಯಲ್ಲಿ ನನಗೆ ಬೇರೆ ಬಗೆಯ ಒಂದು ಚಿತ್ರ ದೊರೆಯಿತು. ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿಕೊಂಡ ಕಲಾವಿದರೊಬ್ಬರು ಚಹಾ ಕುಡಿಯುತ್ತಿದ್ದಾರೆ. ಕೈಗಡಿಯಾರ ಇನ್ನೂ ಬಿಚ್ಚಿಲ್ಲ. ಹಿಂದಿನ ಮೊಳೆಯಲ್ಲಿ ಹೋಟೆಲಿನ ಸಮವಸ್ತ್ರ ತೂಗುತ್ತಿದೆ. ಅಡಿಬರಹದಲ್ಲಿ ವೇಷದ ಹೆಸರು ಮಾತ್ರ ಇತ್ತು.