ಮೆಣಸಿನ ಮೂಟೆ ಪಕ್ಕ ಕವನದ ಕಟ್ಟು!

ನಮ್ಮ ಮಲೆನಾಡಿನಲ್ಲಿ ಪುಸ್ತಕಕ್ಕೆ ಇಬ್ಬರು ಶತ್ರುಗಳು. ಒಂದು ಮಳೆಗಾಲದ ಬೂಷ್ಟು, ಇನ್ನೊಂದು ಬಿಡುಗಡೆ ಸಮಾರಂಭ. ಬೂಷ್ಟು ಹಿಡಿದ ಪುಸ್ತಕವನ್ನಾದರೂ ಬಿಸಿಲಿಗೆ ಹಾಕಿ ಉಳಿಸಬಹುದು. ಹಾರ, ಶಾಲು, ಉಪ್ಪಿಟ್ಟು ಮುಗಿಸಿಕೊಂಡು ಮನೆಗೆ ವಾಪಸ್ಸಾದ ಕವನ ಸಂಕಲನವನ್ನು ಉಳಿಸುವವರು ಯಾರು?

ಮೂಡಿಗೆರೆ ಕಡೆಯ ಕವಿಯೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಹೊಟ್ಟೆಪಾಡು ತೋಟವೊಂದರಲ್ಲಿ ರೈಟರ್ ಕೆಲಸ. ಬಯಲುಸೀಮೆ ಓದುಗರ ತಿಳುವಳಿಕೆಗೆ ಹೇಳುತ್ತೇನೆ, ಕಾಫಿ ಸೀಮೆಯಲ್ಲಿ ರೈಟರ್ ಅಂದರೆ ಸಾಹಿತಿ ಅಲ್ಲ, ಆಳುಗಳ ಹಾಜರಿ ಬರೆಯುವವ. ‘ನಾನು ಎರಡು ಥರದ ರೈಟರ್ರು ಮಾರಾಯ್ರೆ, ಸಂಬಳ ಮಾತ್ರ ಒಂದಕ್ಕೇ’ ಅಂದು ನಕ್ಕರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

‘ನಿಮ್ಮ ಪುಸ್ತಕ ಒಂದು ಕೊಡಿ’ ಎಂದೆ. ಏಣಿ ಇಟ್ಟು ಅಟ್ಟ ಹತ್ತಿದರು. ಅಲ್ಲಿ ಮೆಣಸಿನ ಮೂಟೆ, ಮುರಿದ ಕೊಡೆ, ಅದರ ಪಕ್ಕ ಗೋಣಿ ಹೊದ್ದುಕೊಂಡ ಕವನದ ಕಟ್ಟುಗಳು! ಕೆಳಗೆ ಒಲೆ ಉರಿಯುತ್ತದಲ್ಲ, ಆ ಹೊಗೆಗೆ ಬೂಷ್ಟು ಹಿಡಿಯುವುದಿಲ್ಲ ಅಂತ ಯಜಮಾನತಿಯೇ ಸೂಚಿಸಿದ ಜಾಗವಂತೆ. ಅಚ್ಚು ಹಾಕಿಸಿದ್ದು 500 ಪ್ರತಿ, ಕೈಯಿಂದ ದುಡ್ಡು ಹಾಕಿ. ಮಾರಿದ್ದು, ಹಂಚಿದ್ದು, ಮದುವೆ ಮನೆಗೆ ಮುಯ್ಯಿ ಕೊಟ್ಟದ್ದು ಎಲ್ಲ ಸೇರಿ 230. ಮಿಕ್ಕಿದ್ದು ಲೆಕ್ಕ ಹಾಕಿಕೊಳ್ಳಿ.

ಸರ್ಕಾರ ಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೊಳ್ಳುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ಅಂತ ನೀವು, ನಾವು ಕಟ್ಟುತ್ತಿದ್ದೇವೆ. ಅದರಲ್ಲಿ ಗ್ರಂಥಾಲಯ ಇಲಾಖೆ ಆಯ್ದ ಪುಸ್ತಕಗಳ ಸಗಟು ಖರೀದಿ ಮಾಡುತ್ತದೆ. ಆದರೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಕಾದಂಬರಿಕಾರ ನಾನೂರು ಪುಟ ತುಂಬಿಸುತ್ತಾನೆ. ಕವಿಯ ಪುಸ್ತಕ ಎಂಬತ್ತು ಪುಟ ಮುಟ್ಟಿದರೆ ಹೆಚ್ಚು. ನಾಲ್ಕು ಮಾತಿನಲ್ಲಿ ಹೇಳಬಲ್ಲೆ ಅನ್ನುವವನಿಗೆ ನಾಲ್ಕು ಮಾತಿನ ದುಡ್ಡು! ಆ ದುಡ್ಡಿಗೂ ವರ್ಷಗಟ್ಟಲೆ ಕಾಯಬೇಕು. ಕನ್ನಡ ಪುಸ್ತಕ ಪ್ರಾಧಿಕಾರದಿಂದ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಉಂಟು. ನಮ್ಮ ರೈಟರು ಮೊದಲ ಪುಸ್ತಕ ತರುವ ಹೊತ್ತಿಗೆ ಕೂದಲು ನೆರೆತಿತ್ತು.

ಹಾಗಂತ ಈ ಜಿಲ್ಲೆಗೆ ಕಾವ್ಯ ಹೊಸದಲ್ಲ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ‘ಜೈಮಿನಿ ಭಾರತ’ ಅಕ್ಷರ ಬಾರದವರ ಬಾಯಲ್ಲೂ ಇತ್ತು. ಅವರು ಅದನ್ನು ಓದಿದ್ದಲ್ಲ, ಗಮಕಿಗಳ ಬಾಯಿಂದ ಕೇಳಿದ್ದು. ಕುವೆಂಪು ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅವರ ಮಗ ತೇಜಸ್ವಿ ಮೂಡಿಗೆರೆಗೆ ಬಂದು ಕಾಫಿ ಬೆಳೆದರು, 2007ರಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಅವರೂ ಶುರುವಿನಲ್ಲಿ ಕವನ ಬರೆದವರೇ, ‘ಸೋಮುವಿನ ಸ್ವಗತ ಲಹರಿ’ ಅಂತ ಸಂಕಲನವೇ ಇದೆ. ಆಮೇಲೆ ಕವಿತೆ ಬಿಟ್ಟು ಕಥೆಗೆ ಹೋದರು. ನವ್ಯದ ಜಾಡು ಸಾಕು ಎಂದು 1973ರ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ಬರೆದೇ ಬಿಟ್ಟರು. ಕವಿತೆ ಬಿಟ್ಟದ್ದರಿಂದ ನಷ್ಟ ಯಾರಿಗೆ ಅಂತ ಪಿಯುಸಿಗೇ ಮಂಗಳ ಹಾಡಿದ ಈ ವರದಿಗಾರ ತೀರ್ಪು ಕೊಡುವುದಿಲ್ಲ.

ಈಗಿನ ಸಂಕಲನಗಳ ವಿಚಾರ ಮಾತ್ರ ಹೇಳಬಲ್ಲೆ. ವರದಿಗೆ ಅಂತ ಕವಿಗೋಷ್ಠಿಗಳಲ್ಲಿ ಕೂತು ಕೂತು ಕಿವಿ ಹಣ್ಣಾಗಿದೆ. ಹತ್ತು ಕವಿಗಳಲ್ಲಿ ಏಳು ಮಂದಿಗೆ ಮಲೆನಾಡಿನ ಮಳೆ ಇನ್ನೂ ಗೆಜ್ಜೆ ಕಟ್ಟಿದ ಹುಡುಗಿಯೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದವು. ಭದ್ರೆ ಏರಿದಾಗಲೆಲ್ಲ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ದಾರಿ ಕಟ್ಟಾಗುತ್ತಿದ್ದುದು ಮಕ್ಕಳಿಗೂ ಗೊತ್ತು. ಕವಿಗೋಷ್ಠಿಯ ಮಳೆಗೆ ಮಾತ್ರ ಗೆಜ್ಜೆ ಕಳಚಿಲ್ಲ! ಇದು ನನ್ನ ತಕರಾರು.

ತಕರಾರಿಗೆ ಹೊರತಾದವರೂ ಇದ್ದಾರೆ. ಸವಿತಾ ನಾಗಭೂಷಣ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, 1961ರಲ್ಲಿ. ಹೆಸರು ಮಾಡಿದ್ದು ಶಿವಮೊಗ್ಗದಲ್ಲಿದ್ದು. ‘ಹೊಳೆಮಗಳು’, ‘ಜಾತ್ರೆಯಲ್ಲಿ ಶಿವ’ ಅವರ ಸಂಕಲನಗಳು. ಶಿವನನ್ನು ಗರ್ಭಗುಡಿಯಿಂದ ಇಳಿಸಿ ಜಾತ್ರೆಯ ಜನದ ನಡುವೆ ನಿಲ್ಲಿಸಿದ ಆ ಹೆಸರೇ ಅರ್ಧ ಕವಿತೆ ಎನಿಸಿತು ನನಗೆ. ಅವರ ಮಾತು ಸರಳ, ನನ್ನಂಥವನೂ ನಿಘಂಟು ಹುಡುಕಬೇಕಿಲ್ಲ.

ನಮ್ಮ ರೈಟರ ಪುಸ್ತಕಕ್ಕೂ ಆ ಗುಣ ಇದೆ. ಒಂದು ಕವಿತೆ ಹಾಜರಿ ಪುಸ್ತಕದ ಮೇಲೆ. ಈಗ ತೋಟದ ಲೈನುಗಳಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಹಣ್ಣು ಕೊಯ್ಲು ಶುರುವಾದರೆ ಅವರಿಲ್ಲದೆ ಬುಟ್ಟಿ ತುಂಬುವುದಿಲ್ಲ. ಆ ಪೈಕಿ ಒಬ್ಬ ಹುಡುಗನ ಹೆಸರನ್ನು ಈ ರೈಟರು ಮೂರು ತಿಂಗಳು ತಪ್ಪು ಬರೆದರಂತೆ. ಹುಡುಗ ದಿನಾ ಆ ತಪ್ಪು ಹೆಸರಿಗೇ ‘ಹಾಂ’ ಅಂದನಂತೆ. ಊರಿಗೆ ಹೊರಟ ದಿನ ಲೆಕ್ಕ ಚುಕ್ತಾ ಮಾಡುವಾಗ ಆಧಾರ್ ಕಾರ್ಡು ನೋಡಿದರೆ ಬೇರೆಯೇ ಹೆಸರು! ಇಷ್ಟೇ ಕವಿತೆ. ಓದಿ ನಾನು ಸುಮ್ಮನೆ ಕೂತೆ. ಆ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಓದುವ ಸಾಹುಕಾರರು ಪುಸ್ತಕ ಕೊಳ್ಳುವುದಿಲ್ಲ.

ಇನ್ನೊಂದು ಕವಿತೆಯದು ಬೇರೆ ಕಥೆ, ಈ ವರದಿ ಬರೆಯಲು ಕಾರಣವೇ ಅದು.

ಅದು ಅವರ ತಾಯಿಯ ಮೇಲೆ. ಮಗುವಿಗೆ ಜ್ವರ ಬಿಡದಾಗ ಹರಕೆ ಹೊತ್ತು ಬಾಬಾ ಬುಡನ್‌ಗಿರಿ ಹತ್ತಿದ ತಾಯಿ. ಗುಹೆ ದತ್ತಾತ್ರೇಯರದೋ ಬಾಬಾರದೋ ಎಂದು ಆಕೆ ಕೇಳಲಿಲ್ಲ. ಎರಡೂ ಹೆಸರು ಹೇಳಿ ಕೈಮುಗಿದು ಬಂದಳು. ಮಗು ಬದುಕಿತು. ಬದುಕಿದ ಮಗುವೇ ಈ ರೈಟರು. ಗಿರಿಯ ವಿವಾದ ಕೋರ್ಟು ಮೆಟ್ಟಿಲು ಹತ್ತಿ ದಶಕಗಳಾದವು. ದತ್ತ ಜಯಂತಿಯ ದಿನಗಳಲ್ಲಿ ಊರ ತುಂಬ ಪೊಲೀಸರು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಕವಿತೆಯಲ್ಲಿ ಅದಾವುದೂ ಇಲ್ಲ. ಯಾರಿಗೂ ಬೈಗುಳವಿಲ್ಲ, ಉಪದೇಶವೂ ಇಲ್ಲ. ತಾಯಿ, ಜ್ವರ, ಬೆಟ್ಟ, ಅಷ್ಟೆ.

ಕವಿಗೋಷ್ಠಿಯೊಂದರಲ್ಲಿ ಅದನ್ನು ಓದಲು ಎದ್ದಾಗ ಸಂಘಟಕರೊಬ್ಬರು ಹತ್ತಿರ ಬಂದು ‘ಗಿರಿ ವಿಷಯ ಒಂದು ಬಿಟ್ಟು ಬೇರೆ ಯಾವುದಾದ್ರೂ ಓದಿ ಸಾರ್, ಸುಮ್ನೆ ಯಾಕೆ’ ಅಂದರಂತೆ. ರೈಟರು ಮಳೆಯ ಮೇಲಿನ ಪದ್ಯ ಓದಿ ಕೂತರು. ಚಪ್ಪಾಳೆ ಬಿತ್ತು.

ಸಂಘಟಕರನ್ನು ಬೈಯಬಹುದು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಸಭಾಂಗಣದ ಗಾಜಿಗೆ ಅವರೇ ಜವಾಬ್ದಾರರು. ಆದರೆ ಸ್ವಾಮಿ, ಹೆತ್ತ ತಾಯಿ ಹರಕೆ ತೀರಿಸಿದ್ದನ್ನು ಹೇಳಲು ಈ ಊರಲ್ಲಿ ಪರ್ಮಿಶನ್ ಬೇಕಾ? ಹೆದರಿಕೆ ಯಾರಿಂದಲೋ ಬಂತು ಅನ್ನುತ್ತೇವೆ. ಅಲ್ಲಿ ಯಾರೂ ಗಲಾಟೆ ಮಾಡಿರಲಿಲ್ಲ, ಮಾಡುತ್ತೇವೆ ಅಂತಲೂ ಅಂದಿರಲಿಲ್ಲ. ನಾವೇ ಮೊದಲು ಬಾಯಿ ಮುಚ್ಚಿಕೊಂಡೆವು.

ಆ ರಾತ್ರಿ ಪುಸ್ತಕ ನಮ್ಮ ಮನೆಗೆ ಬಂತು, ಹೊಗೆ ವಾಸನೆ ಸಮೇತ. ನಮ್ಮವ್ವನಿಗೆ ಓದು ಬರುವುದಿಲ್ಲ. ಗಿರಿಯ ಪದ್ಯವನ್ನು ಗಟ್ಟಿಯಾಗಿ ಓದಿ ಹೇಳಿದೆ. ಎಲೆ ಅಡಿಕೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ‘ಇನ್ನೊಂದ್ಸಲ ಓದು’ ಅಂದಳು. ಓದಿದೆ.

‘ಎಲ್ಲ ಸರಿ ಐತೆ. ಇಂಬಳದ ಸುದ್ದೀನೇ ಬರ್ದಿಲ್ವಲ್ಲ? ನಿನ್ನ ಎತ್ಕಂಡು ನಾನು ಹತ್ತಿದಾಗ ಕಾಲೆಲ್ಲ ರಕ್ತ.’

ನನ್ನನ್ನು ಎತ್ತಿಕೊಂಡು ಅವಳು ಗಿರಿಗೆ ಹೋಗಿದ್ದಳು ಅಂತ ನನಗೆ ಗೊತ್ತಾದದ್ದು ಆವತ್ತೇ.

ಮಾರನೇ ದಿನ ರೈಟರಿಗೆ ಫೋನು ಮಾಡಿ ಅವ್ವನ ಆಕ್ಷೇಪಣೆ ತಿಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೌದು ಮಾರಾಯ್ರೆ, ಇಂಬಳ ಮರ್ತೇ ಹೋಯ್ತು. ಎರಡನೇ ಮುದ್ರಣಕ್ಕೆ ಸೇರಿಸ್ತೀನಿ’ ಅಂದರು.

ಮೊದಲ ಮುದ್ರಣದ 269 ಪ್ರತಿ ಇನ್ನೂ ಅಟ್ಟದ ಮೇಲಿವೆ.