ನಿಮಗಿದು ಗೊತ್ತೆ? ಹಲಗೆ ಹೊರುವ ಕುದುರೆ

ಮೇಲೊಂದು ಅಡ್ಡಪಟ್ಟಿ, ಹೊರಕ್ಕೆ ಚಾಚಿದ ನಾಲ್ಕು ಕಾಲು. ಹಲಗೆ ಕೊಯ್ಯುವಾಗ ಅಡಿಗೆ ಕೊಡುವ ಈ ಆಸರೆಗೆ ಇಂಗ್ಲಿಷಿನಲ್ಲಿ ‘ಸಾಹಾರ್ಸ್’, ಅಂದರೆ ಗರಗಸದ ಕುದುರೆ ಎಂದು ಹೆಸರು. ಜಪಾನಿನ ಬಡಗಿಗಳಿಗೂ ಇದು ‘ಉಮಾ’, ಕುದುರೆಯೇ. ಜರ್ಮನರಿಗೆ ಮಾತ್ರ ಹೋತ! ಚಿತ್ರಕಾರರು ಕ್ಯಾನ್ವಾಸ್ ನಿಲ್ಲಿಸುವ ‘ಈಸೆಲ್’ ಕೂಡ ಇದೇ ಮಂದೆಯದು. ಡಚ್ ಭಾಷೆಯಲ್ಲಿ ‘ಎಜೆಲ್’ ಎಂದರೆ ಕತ್ತೆ.

ಸೌದೆ ಕೊಯ್ಯಲು ‘ಎಕ್ಸ್’ ಆಕಾರದ ಇನ್ನೊಂದು ಬಗೆ ಇದೆ. ಅದರ ಕವಲಿನಲ್ಲಿ ಕೂತ ದಿಮ್ಮಿ ಉರುಳುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ‘ಸಾಬಕ್’ ಎನ್ನುತ್ತಾರೆ. 19ನೇ ಶತಮಾನದ 10 ಡಾಲರ್ ನೋಟುಗಳ ಮೇಲೆ ಹತ್ತನ್ನು ಸೂಚಿಸುವ ರೋಮನ್ ‘ಎಕ್ಸ್’ ಇರುತ್ತಿದ್ದುದರಿಂದ ನೋಟಿಗೂ ಅದೇ ಅಡ್ಡಹೆಸರು ಅಂಟಿತು.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿ: ಎರಡು ಕುದುರೆಗಳ ನಡುವೆ ಕೊಯ್ದರೆ ಹಲಗೆ ಬಾಗುತ್ತದೆ, ಸೀಳು ಮುಚ್ಚಿಕೊಂಡು ಗರಗಸ ಸಿಕ್ಕಿಬೀಳುತ್ತದೆ. ಕತ್ತರಿಸಿ ಬೀಳಬೇಕಾದ ತುಂಡು ಕುದುರೆಯಿಂದ ಆಚೆಗೆ ಚಾಚಿರಬೇಕು. ಕೈಗರಗಸಕ್ಕಾದರೆ ಮಂಡಿಯೆತ್ತರ ಸಾಕು. ಹಲಗೆಯನ್ನು ಮಂಡಿಯಿಂದಲೇ ಒತ್ತಿ ಹಿಡಿಯಬಹುದು.

ನಮ್ಮ ಹಳೆಯ ಬಡಗಿಗಳು ನೆಲದ ಮೇಲೆ ಕೂತು, ಕಾಲಿನಿಂದಲೇ ಮರ ಹಿಡಿದು ಕೆಲಸ ಮಾಡುತ್ತಿದ್ದರು. ಆ ಕೌಶಲ ಬೆರಗು ಹುಟ್ಟಿಸುವಂಥದ್ದು. ಆದರೆ ಉದ್ದನೆಯ ಹಲಗೆ ಎದುರಿಗಿದ್ದಾಗ ಬೆನ್ನಿಗೆ ಹಿತ ಕುದುರೆಯೇ.

ಕೊಯ್ಯುವ ಕೆಲಸ ಮುಗಿದ ಮೇಲೂ ಇದಕ್ಕೆ ಬಿಡುವಿಲ್ಲ. ಜೋಡಿ ಕುದುರೆಗಳ ಮೇಲೆ ಹಳೆಯ ಬಾಗಿಲು ಮಲಗಿಸಿದರೆ ದಿಢೀರ್ ಮೇಜು, ಕಿಟಕಿಗೆ ಬಣ್ಣ ಬಳಿಯಲು ಆಸರೆ, ರಸ್ತೆ ಅಗೆದಲ್ಲಿ ಅಡ್ಡಗಟ್ಟೆ.